ಹಿಡಿದದ್ದು ನಾವು, ಬಿಟ್ಟದ್ದು ನೀವು

ಮೀನು ಹಿಡಿಯಲು ಮೌನ ಬೇಕು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮೂರ ಕೆರೆಯಲ್ಲಿ ಅಂಥವರು ಏರಿಯ ಆ ತುದಿಗೆ, ಹೊಂಗೆ ಮರದ ಕೆಳಗೆ, ಸಾಲಾಗಿ ಕೂತಿರುತ್ತಾರೆ. ಕೈಯಲ್ಲಿ ರೀಲು ಹಾಕಿದ ಕಡ್ಡಿ, ತಲೆಗೆ ಟೋಪಿ, ಪಕ್ಕದಲ್ಲಿ ಚಿಪ್ಸ್ ಪೊಟ್ಟಣ. ಸಂಜೆಗೆ ಅಂಗೈ ಉದ್ದದ ನಾಲ್ಕು ಜಿಲೇಬಿ ಮೀನು ಹಿಡಿದು ಎದ್ದು ಹೋಗುತ್ತಾರೆ. ಹೋಗುವಾಗ ನನ್ನ ಕಡೆ ನೋಡಿ ನಗುತ್ತಾರೆ.

ನಾನು ಕೂರುವುದು ಕಲ್ಯಾಣ ಮಂಟಪದ ಹಿಂದಿನ ಮೆಟ್ಟಿಲ ಮೇಲೆ. ಇಷ್ಟಗಲ ಕೆರೆ ನಮ್ಮದು, ಅದರ ಗಲಾಟೆಯೆಲ್ಲ ಇರುವುದು ಅಲ್ಲೇ. ಒಬ್ಬಳು ಬಟ್ಟೆ ಕುಕ್ಕುತ್ತಿರುತ್ತಾಳೆ, ಇನ್ನೊಬ್ಬ ಆಟೋ ತೊಳೆಯುತ್ತಿರುತ್ತಾನೆ, ಎಮ್ಮೆಗಳು ಮೈ ನೆನೆಸುತ್ತಿರುತ್ತವೆ, ನೀರಿನ ಟ್ಯಾಂಕರಿನವನು ಮೋಟಾರು ಹಚ್ಚಿಕೊಂಡು ನಿಂತಿರುತ್ತಾನೆ. ಭಾನುವಾರ ಮದುವೆಯಿದ್ದರಂತೂ ಊಟ ಮುಗಿದ ಮೇಲೆ ಅಡುಗೆಯವರು ಅನ್ನದ ದೊಡ್ಡ ಡಬರಿಗಳನ್ನು ಅಲ್ಲಿಗೇ ತಂದು ತೊಳೆಯುತ್ತಾರೆ. ತಳದ ಅನ್ನವೆಲ್ಲ ನೀರಿಗೆ ಹೋಗುತ್ತದೆ. ಡಬರಿ ಕಲ್ಲಿಗೆ ತಾಗಿ ಠಣ್ ಅಂದರೆ ಸಾಕು, ಕೆರೆಯ ದೊಡ್ಡ ಕಾಟ್ಲಾ ಮೀನುಗಳು ಊಟಕ್ಕೆ ಕರೆದ ಹಾಗೆ ಬಂದುಬಿಡುತ್ತವೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಎರಡು ವರ್ಷ ಅಲ್ಲಿ ಕೂತು ಕಂಡುಕೊಂಡಿದ್ದೇನೆ.

ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ವಾರಕ್ಕೆ ಆರು ದಿನ ಶರ್ಟಿನ ಕಾಲರ್ ಹೊಲಿಯುತ್ತೇನೆ. ಭಾನುವಾರ ಮಧ್ಯಾಹ್ನ ಮಾತ್ರ ನನ್ನದು. ಅದಕ್ಕೂ ಎಷ್ಟು ಜನ ಅಡ್ಡ! "ಯಜಮಾನ್ರು ಎಲ್ಲಿ ಅಮ್ಮಾ, ಗಾಳ ಕಾಯಕ್ಕೆ ನಿಮ್ಮನ್ನ ಕೂರ್ಸಿ ಹೋದ್ರಾ?" ಅಂತ ಕೇಳದೆ ಒಬ್ಬನೂ ಮುಂದೆ ಹೋಗುವುದಿಲ್ಲ. ಮೊದಮೊದಲು ಉತ್ತರ ಕೊಡುತ್ತಿದ್ದೆ. ಆಮೇಲೆ ಕೊಡುವುದನ್ನು ಬಿಟ್ಟೆ.

ನಮ್ಮ ಕಡೆ ಹೆಂಗಸರು ಮೀನು ಹಿಡಿಯುವುದೇನೂ ಹೊಸದಲ್ಲ. ಕೆರೆ ಬತ್ತುವಾಗ ಹಳೇ ಸೀರೆ ಹಿಡಿದು ಸಣ್ಣ ಮೀನು ಗೋರಿದರೆ ಯಾರೂ ಮಾತಾಡುವುದಿಲ್ಲ. ಆದರೆ ಎತ್ತಲು ಎರಡು ಕೈ ಬೇಕಾಗುವಂಥ ಕಾಟ್ಲಾ ಗಂಡಸರ ಬಾಬತ್ತು. "ಅದು ನಿನ್ ಕೈಲಿ ಆಗೋ ಕೆಲ್ಸ ಅಲ್ಲ ಬಿಡು" ಅಂತ ನಮ್ಮನೆಯವರೇ ಅಂದಿದ್ದರು. ಆ ಮಾತು ನನ್ನೊಳಗೆ ಮುಳ್ಳಿನಂತೆ ಚುಚ್ಚಿಕೊಂಡೇ ಇತ್ತು. ನನಗೆ ಬೇಕಾಗಿದ್ದದ್ದು ಒಂದೇ ಒಂದು ಕಾಟ್ಲಾ. ಅದು ನನ್ನ ಕೈಯಿಂದಲೇ ದಡಕ್ಕೆ ಬರಬೇಕಿತ್ತು.

ಇದರಲ್ಲಿ ನನ್ನ ಪರ ಇದ್ದವರು ಅತ್ತೆ ಒಬ್ಬರೇ. ಶನಿವಾರ ರಾಗಿಮುದ್ದೆ ತಿರುವುವಾಗ ಒಂದನ್ನು ಬೇರೆಯಾಗಿ ಗಟ್ಟಿ ಮಾಡಿ, ಕಡಲೆಕಾಯಿ ಹಿಂಡಿ ಕಲಸಿ, ಗಾಳಕ್ಕೆ ಅಂತ ಎತ್ತಿಡುತ್ತಿದ್ದರು. "ತಲೆ ಮಾತ್ರ ನಂಗೇ ಕಣಮ್ಮಿ" ಅಂತ ಮೀನು ಸಿಗುವ ಮೊದಲೇ ಪಾಲು ಕೇಳಿಟ್ಟಿದ್ದರು.

ಹೋದ ಮಾಘದ ಒಂದು ಭಾನುವಾರ ಅದು ಗಾಳಕ್ಕೆ ಬಿತ್ತು. ಮಂಟಪದಲ್ಲಿ ಮದುವೆ ಊಟ ಮುಗಿದಿತ್ತು, ಎರಡನೇ ಡಬರಿ ನೀರಿಗಿಳಿದಿತ್ತು. ದಾರಕ್ಕೆ ಕಟ್ಟಿದ್ದ ಬೆಂಡು ಅಲುಗಲಿಲ್ಲ, ಸೀದಾ ಮುಳುಗಿತು. ನನ್ನ ಹತ್ತಿರ ಕಡ್ಡಿಯೂ ಇಲ್ಲ, ರೀಲೂ ಇಲ್ಲ. ಖಾಲಿ ಬಾಟಲಿಗೆ ಟಂಗೂಸ್ ದಾರ ಸುತ್ತಿಕೊಂಡು ಕೈಯಲ್ಲೇ ಆಡಿಸುತ್ತೇನೆ. ಮೀನು ಎಳೆದಾಗ ದಾರ ಬಿಡಬೇಕು, ಅದು ನಿಂತಾಗ ಎಳೆದುಕೊಳ್ಳಬೇಕು. ವಿದ್ಯೆ ಅಂದರೆ ಇಷ್ಟೇ. ಬಿಟ್ಟೂ ಬಿಟ್ಟೂ ಅದಕ್ಕೆ ಸುಸ್ತು ಮಾಡಿಸಬೇಕು. ಮೂರು ಸಲ ಬಿಟ್ಟೆ, ಮೂರು ಸಲ ಎಳೆದುಕೊಂಡೆ. ನಾಲ್ಕನೇ ಸಲ ಅದು ಮೆಟ್ಟಿಲ ಹತ್ತಿರವೇ ಮಗ್ಗುಲಾಯಿತು. ಆ ತಲೆ! ನಮ್ಮನೆ ಅನ್ನದ ತಪ್ಪಲೆಗೆ ಹಿಡಿಸುತ್ತಿರಲಿಲ್ಲ. ಬಟ್ಟೆ ಒಗೆಯುತ್ತಿದ್ದವಳು ಕೂಗಿಕೊಂಡಳು, ಅಡುಗೆಯವರು ಡಬರಿ ಬಿಟ್ಟು ಎದ್ದು ನಿಂತರು.

ಜನ ಕಂಡು ಬೆದರಿ ಅದು ಇನ್ನೊಂದು ಸಲ ಒಳಕ್ಕೆ ಓಡಿತು. ನಾನು ದಾರ ಬಿಟ್ಟೆ.

"ಅಯ್ಯೋ, ಬಿಡ್ತಾವ್ರಲ್ಲೋ! ಅಕ್ಕ, ಬಿಡ್ಬೇಡಿ, ಬಿಡ್ಬೇಡಿ!" ಅಂತ ಟ್ಯಾಂಕರಿನವನು ಓಡಿ ಬಂದ.

"ಬಿಡ್ಲೇಬೇಕು ಕಣಪ್ಪ. ನೀನು ದೂರ ನಿಂತ್ಕೊ" ಅಂದೆ.

ಅವನು ಕೇಳಿಸಿಕೊಂಡರೆ ತಾನೇ? ಹೆಂಗಸು ಗಾಬರಿಯಲ್ಲಿ ಕೈಬಿಡುತ್ತಿದ್ದಾಳೆ ಅಂತಲೇ ಅವನ ಲೆಕ್ಕ. ನನ್ನ ಭುಜದ ಮೇಲಿಂದ ಕೈ ಹಾಕಿ, ದಾರವನ್ನು ತನ್ನ ಅಂಗೈಗೆ ಎರಡು ಸುತ್ತು ಸುತ್ತಿಕೊಂಡು, ಬಾವಿಯಿಂದ ಬಿಂದಿಗೆ ಎಳೆಯುವ ಹಾಗೆ ಎಳೆದ. ಎಳೆಯುತ್ತಲೇ ಹಿಂದೆ ತಿರುಗಿ, "ಹಿಡಿದ್ವಿ! ಲೇ, ವಿಡಿಯೋ ಮಾಡ್ರೋ, ಹಿಡಿದ್ವಿ!" ಅಂತ ಕಿರುಚಿದ. ದಾರ ನನ್ನ ಬೆರಳನ್ನು ಕುಯ್ದುಕೊಂಡು ಹೋಯಿತು. ಮರುಕ್ಷಣ ಪಟ್ ಅಂದಿತು. ಅವನು ಹಿಂದಕ್ಕೆ ಕುಕ್ಕರಿಸಿ ಬಿದ್ದ. ನೀರಿನ ಮೇಲೆ ಒಂದು ದೊಡ್ಡ ಸುಳಿ ಎದ್ದು ಹಾಗೇ ಅಳಿಸಿಹೋಯಿತು.

ಪ್ಯಾಂಟು ಒದರಿಕೊಂಡು ಎದ್ದವನು ನನ್ನ ಮುಖ ನೋಡಿ ಏನಂದ ಗೊತ್ತೇ? "ಬಿಟ್ಬಿಟ್ರಲ್ಲ ಅಕ್ಕ!"

ದಾರದ ಆ ತುದಿಯಲ್ಲಿ ಮೀನಿದ್ದಾಗ 'ಹಿಡಿದ್ವಿ', ಎಲ್ಲರೂ ಸೇರಿ. ಮೀನು ಹೋದ ಮೇಲೆ 'ಬಿಟ್ರಿ', ನಾನೊಬ್ಬಳೇ. ಒಂದು ಉಸಿರಿನೊಳಗೆ ಮಾತಿನ ಬಾಲ ಬದಲಾಯಿಸಿದ್ದ.

"ನಿನ್ ಟ್ಯಾಂಕರ್ ಓಡಿಸ್ತಿರ್ಬೇಕಾದ್ರೆ ನಾನು ಬಂದು ಸ್ಟೇರಿಂಗ್ ಹಿಡಿದು ಎಳೀಲೇನಯ್ಯಾ?" ಅಂತ ಕೂಗಿದೆ. ಗಂಟಲು ಕಟ್ಟುವಷ್ಟು ಕೂಗಿದೆ. ಎಮ್ಮೆಗಳೂ ತಿರುಗಿ ನೋಡಿದವು.

"ಸಹಾಯ ಮಾಡಕ್ ಬಂದೋರ್ಗೆ ಹಿಂಗಾ ಮಾತಾಡೋದು? ಒಳ್ಳೇದಕ್ಕೆ ಕಾಲ ಇಲ್ಲ ಗುರು" ಅಂದ ಅವನು. ಸುತ್ತ ನಿಂತವರೆಲ್ಲ ಹೌದು ಹೌದು ಅಂದರು. ಅಷ್ಟರಲ್ಲಿ ಹೊಂಗೆ ಮರದ ಟೋಪಿಯವನೊಬ್ಬ ನಿಧಾನಕ್ಕೆ ನಡೆದು ಬಂದು, "ಮೇಡಂ, ಇಷ್ಟು ಸೌಂಡ್ ಇರೋ ಕಡೆ ಕೂತ್ರೆ ದೊಡ್ಡ ಮೀನು ಬರಲ್ಲ" ಅಂತ ಬುದ್ಧಿ ಹೇಳಿದ. ಅವನನ್ನು ಕೆರೆಗೆ ನೂಕದೆ ಬಂದದ್ದೇ ನನ್ನ ದೊಡ್ಡತನ.

ಮನೆಗೆ ಹತ್ತು ನಿಮಿಷದ ದಾರಿ. ಸುದ್ದಿ ನನಗಿಂತ ಮುಂದೆ ಹೋಗಿತ್ತು. ಅಂಗಡಿಯವರು "ಬಿಟ್ಬಿಟ್ರಂತೆ?" ಅಂದರು. ಹಾಲಿನ ಡೈರಿ ಮುಂದೆ ನಿಂತಿದ್ದವರು "ಪಾಪ, ಬಿಟ್ಬಿಟ್ರಂತೆ" ಅಂದರು. ನಮ್ಮ ಬೀದಿಯ ತಿರುವಿನಲ್ಲಿ ನಮ್ಮನೆಯವರು ಗಾಡಿ ನಿಲ್ಲಿಸಿ, "ನಾನ್ ಹೇಳಿರ್ಲಿಲ್ವಾ?" ಅಂದು ಹೊರಟೇ ಹೋದರು.

ಅತ್ತೆ ಹುಣಸೆಹಣ್ಣು ನೆನೆಹಾಕಿ, ಈಳಿಗೆಮಣೆ ತೊಳೆದಿಟ್ಟುಕೊಂಡು ಜಗಲಿ ಮೇಲೆ ಕಾಯುತ್ತಿದ್ದರು. "ಏನಾಯ್ತಮ್ಮಿ?" ಅಂದರು.

"ಬಿಟ್ಬಿಟ್ಟೆ ಅತ್ತೆ" ಅಂದೆ.

ನನ್ನ ಬಾಯಿಂದಲೇ ಬಂತು ಆ ಮಾತು. ಟ್ಯಾಂಕರಿನವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆಗ ನನ್ನ ನಾಲಿಗೆಯ ಮೇಲೆ ಬಂತು. ಅವನು ಹೇಳಿದ್ದನ್ನು, ಊರು ಹೇಳಿದ್ದನ್ನು, ಹತ್ತು ನಿಮಿಷದಲ್ಲಿ ನಾನೇ ಒಪ್ಪಿಕೊಂಡುಬಿಟ್ಟಿದ್ದೆ. ಅಳು ಬಂದು ಮುಖ ಒರೆಸಿಕೊಳ್ಳಲು ಕೈ ಎತ್ತಿದೆ. ಅತ್ತೆ ಆ ಕೈಯನ್ನು ಹಿಡಿದುಕೊಂಡರು. ತೋರುಬೆರಳು ಬುಡದವರೆಗೆ ಸೀಳಿತ್ತು, ರಕ್ತ ಮೊಣಕೈತನಕ ಇಳಿದು ಒಣಗಿತ್ತು. ಬೆಳಕಿಗೆ ತಿರುಗಿಸಿ ನೋಡಿದರು.

"ಬಿಟ್ಟೋಳ್ ಬೆಳ್ಳು ಹಿಂಗ್ ಕುಯ್ದೋಗಿರ್ತದಾ? ದಾರ ಎಳ್ದೋನು ಯಾವೋನು, ಹೇಳು."

ಹೇಳಿದೆ. ಅತ್ತೆ ಅರಿಸಿನ ತಂದು ಒತ್ತಿದರು, ಬಟ್ಟೆ ಹರಿದು ಕಟ್ಟಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿ, ಕೆರೆಯ ಕಡೆ ಹೊರಟರು.