ಹುಳಿ ಹಿಡಿದ ಗೋಬರ್ ಗ್ಯಾಸ್

ಜರಗನಹಳ್ಳಿಯ ನೀಲಗಂಗಮ್ಮ ಹಾಲು ಕರೆಯುತ್ತಿದ್ದಾಗಲೇ ಹೆಲ್ತ್ ಇನ್‌ಸ್ಪೆಕ್ಟರ್ ಗೇಟಿಗೆ ನೋಟಿಸ್ ಅಂಟಿಸಿ ಹೋದರು. ಕೊಟ್ಟಿಗೆಯ ಸಗಣಿ ಚರಂಡಿಗೆ ಹರಿಯುವುದು ಒಂದು ತಿಂಗಳೊಳಗೆ ನಿಲ್ಲಬೇಕು, ಇಲ್ಲದಿದ್ದರೆ ನಾಲ್ಕೂ ಹಸುಗಳನ್ನು ಹಿಡಿದೊಯ್ಯುತ್ತೇವೆ ಎಂದಿತ್ತು. ಅಕ್ಕಪಕ್ಕದವರ ದೂರು ಸುಳ್ಳಾಗಿರಲಿಲ್ಲ. ಹೊಲಗಳೆಲ್ಲ ಸೈಟುಗಳಾದ ಮೇಲೆ ಗೊಬ್ಬರ ಕೇಳುವವರಿಲ್ಲದೆ, ದಿನಾ ಅದನ್ನು ಚರಂಡಿಗೆ ತಳ್ಳುತ್ತಿದ್ದವರು ನೀಲಗಂಗಮ್ಮನವರೇ.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ವಿಜ್ಞಾನದ ಟೀಚರ್ ಶ್ವೇತಾ ದಾರಿ ಹೇಳಿದಳು. "ಗೋಬರ್ ಗ್ಯಾಸ್ ಹಾಕ್ಸಿ ಆಂಟಿ. ಒಲೆಗೆ ಗ್ಯಾಸ್ ಬರುತ್ತೆ, ಮಿಕ್ಕ ಬಗ್ಗಡ ನಿಮ್ಮ ಸೊಪ್ಪಿನ ಮಡಿಗೆ ಗೊಬ್ಬರ ಆಗುತ್ತೆ."

ನಾಲ್ಕೇ ದಿನದಲ್ಲಿ ಹಿತ್ತಲಿಗೆ ತೊಟ್ಟಿ ಬಂತು. ಸಗಣಿ ಕಲಸಿ ತುಂಬಿದರು. ಹದಿನೈದು ದಿನವಾದರೂ ಬರ್ನರ್ ಹತ್ತಲಿಲ್ಲ. ಬೇಗ ಆಗಲಿ ಎಂದು ನೀಲಗಂಗಮ್ಮ ಹೋಟೆಲಿನಿಂದ ಹಳಸಿದ ಅನ್ನ, ಸಾಂಬಾರು ತಂದು ಸುರಿದರು. ಮೂರನೆಯ ದಿನ ತೊಟ್ಟಿಯಿಂದ ಹುಳಿ ವಾಸನೆ ಎದ್ದಿತು. ಅಷ್ಟಿಷ್ಟು ಏಳುತ್ತಿದ್ದ ಗುಳ್ಳೆಯೂ ನಿಂತಿತು. ಅವರಿಗೆ ಊಟ ಸೇರದಾಯಿತು. ಬೀದಿಯಲ್ಲಿ ಲಾರಿ ಸದ್ದಾದರೆ ಸಾಕು, ಹಸು ಹಿಡಿಯುವವರು ಬಂದರೆಂದು ಗೇಟಿಗೆ ಓಡುತ್ತಿದ್ದರು.

ಬೇಗೂರಿನಲ್ಲಿ ಇಪ್ಪತ್ತು ವರ್ಷದಿಂದ ಗೋಬರ್ ಗ್ಯಾಸ್ ನಡೆಸುತ್ತಿದ್ದ ಮಾರಯ್ಯನ ವಿಷಯ ಕೇಳಿ ಆಟೊ ಹತ್ತಿದರು.

"ಹೊಟ್ಟೆ ಕೆಟ್ಟೋರಿಗೆ ಹೋಳಿಗೆ ಬಡಿಸ್ತಾರೇನಕ್ಕ?" ಎಂದ ಮಾರಯ್ಯ. "ನಮ್ಮ ತೊಟ್ಟಿ ಬಗ್ಗಡ ಎರಡು ಕ್ಯಾನ್ ಕೊಡ್ತೀನಿ, ಹೆಪ್ಪು ಹಾಕ್ದಂಗೆ ಹಾಕಿ. ಹತ್ತು ದಿನ ಬೇರೇನೂ ಮುಟ್ಟಿಸ್ಬೇಡಿ."

ಬಗ್ಗಡ ತಂದು ತೊಟ್ಟಿಗೆ ಸುರಿದದ್ದಾಯಿತು. ಹತ್ತು ದಿನದ ಸಗಣಿ ಎಲ್ಲಿ ಹಾಕುವುದು? ನೀಲಗಂಗಮ್ಮ ರಟ್ಟೆ ಬೀಳುವಷ್ಟು ಬೆರಣಿ ತಟ್ಟಿದರು. ಕಾಂಪೌಂಡ್ ಗೋಡೆ ತುಂಬಿತು. ನೀರು ಹೊಯ್ಯುವುದನ್ನೇ ಬಿಟ್ಟು ಕೊಟ್ಟಿಗೆ ಗುಡಿಸಿದರು.

ಎಂಟನೆಯ ದಿನ ಇನ್‌ಸ್ಪೆಕ್ಟರ್ ಬಂದರು. "ಎಲ್ಲಿ ಅಮ್ಮ, ಗ್ಯಾಸ್ ಹಚ್ಚಿ, ನೋಡೋಣ."

ನೀಲಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಇನ್ನೂ ಹತ್ತಿಲ್ಲ ಸಾರ್. ನಾನೇ ಕೆಡಿಸ್ಬಿಟ್ಟೆ."

ಇನ್‌ಸ್ಪೆಕ್ಟರ್ ಚರಂಡಿಯ ಉದ್ದಕ್ಕೂ ಬಗ್ಗಿ ನೋಡುತ್ತ ಬೀದಿಯ ಕೊನೆಯವರೆಗೆ ಹೋಗಿ ಬಂದರು. "ಚರಂಡಿ ಒಣಗಿದೆ. ಇನ್ನೊಂದು ವಾರ ಕೊಡ್ತೀನಿ. ಆಮೇಲೆ ನನ್ ಕೈಲಿಲ್ಲ."

ಮತ್ತೆ ಮೂರು ದಿನ, ಕಡ್ಡಿ ಗೀರಿದಾಗಲೆಲ್ಲ ಉರಿ ಪಕ್ಕನೆ ಎದ್ದು ಆರಿತು. ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಬರ್ನರಿನ ಸುತ್ತ ನೀಲಿ ಉರಿ ಆರದೆ ನಿಂತಿತು. ಕಡ್ಡಿ ಬೆರಳು ಸುಡುವವರೆಗೆ ನೀಲಗಂಗಮ್ಮ ಅಲುಗಲಿಲ್ಲ.

"ಆಂಟಿ, ಹತ್ತಿದೆ!" ಬಾಗಿಲಲ್ಲಿ ಶ್ವೇತಾ.

"ಕೂಗ್ಬೇಡಮ್ಮ, ಆರ್‌ಹೋದೀತು."

ಮರುವಾರ ನೋಟಿಸ್ ರದ್ದಾಯಿತು, ಹಸುಗಳು ಉಳಿದವು, ಬಗ್ಗಡ ದಂಟಿನ ಮಡಿಗೆ ಹರಿಯಿತು. ಆದರೆ ಉರಿ ಹತ್ತಿದ ಆ ದಿನ ಮಾತ್ರ, ಅದರ ಮೇಲಿಟ್ಟ ಪಾತ್ರೆಯ ಹಾಲು ಉಕ್ಕುವ ತನಕ ಅವರು ಒಲೆಯ ಮುಂದಿನಿಂದ ಕದಲಲಿಲ್ಲ.