ಎಡಗಡೆ ಸಾಲಿಗೆ ಡೆನೀಸ್ ಹಾಕಿದ್ದೇನು?

ಕೆಸ್ಟರ್‌ಲಾ ಊರಿನಲ್ಲಿ ಒಬ್ಬನ ಸಂಬಳ ಎಷ್ಟೆಂದು ಕೇಳಬಹುದು. ಹೆಂಡತಿ ಯಾಕೆ ಬಿಟ್ಟುಹೋದಳು ಎಂದೂ ಕೇಳಬಹುದು. ಮುಖ ಗಂಟು ಹಾಕಿಕೊಂಡಾದರೂ ಉತ್ತರ ಕೊಡುತ್ತಾನೆ. ‘ನಿನ್ನ ಲೀಕ್ ಗಿಡಗಳಿಗೆ ಏನು ಹಾಕುತ್ತೀಯ?’ ಎಂದು ಮಾತ್ರ ಕೇಳಬಾರದು. ಕೇಳಿದರೆ ‘ನೀರು’ ಎಂಬ ಒಂದೇ ಮಾತು ಹೇಳಿ, ಬಿಯರ್ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋಗಿಬಿಡುತ್ತಾನೆ. ಇಂಗ್ಲೆಂಡಿನ ಈ ಈಶಾನ್ಯ ಮೂಲೆಯಲ್ಲಿ ಕಲ್ಲಿದ್ದಲ ಗಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು. ನೆಲದೊಳಗೆ ಅಗೆಯುತ್ತಿದ್ದವರು ಈಗ ನೆಲದ ಮೇಲೆ ಅಗೆಯುತ್ತಾರೆ, ಅಷ್ಟೇ. ಬೇರೆ ಕಡೆ ಲೀಕ್ ಎಂದರೆ ಸೂಪಿಗೆ ಹೆಚ್ಚಿ ಹಾಕುವ, ಈರುಳ್ಳಿ ಕುಲದ ಬಡಪಾಯಿ ದಂಟು. ಇಲ್ಲಿ ಅದು ಗಂಡಾಳಿನ ಮೀನಖಂಡದಷ್ಟು ದಪ್ಪವಾಗದಿದ್ದರೆ ಬೆಳೆದವನು ತಲೆ ಎತ್ತಿ ತಿರುಗುವ ಹಾಗಿಲ್ಲ. ಸೆಪ್ಟೆಂಬರಿನಲ್ಲಿ ಕಾರ್ಮಿಕರ ಕ್ಲಬ್ಬಿನಲ್ಲಿ ಪ್ರದರ್ಶನ, ಅಳತೆ, ಬಹುಮಾನ, ಮತ್ತು ಮುಂದಿನ ಸೆಪ್ಟೆಂಬರಿನವರೆಗೆ ಸಾಕಾಗುವಷ್ಟು ಹೊಟ್ಟೆಯುರಿ.

ಇಂಥ ಊರಿನಲ್ಲಿ ನಾರ್ಮನ್ ಹೆಪ್ಪಲ್‌ನ ಒಬ್ಬಳೇ ಮಗಳಾಗಿ ಹುಟ್ಟಿದವಳು ಡೆನೀಸ್. ನಾರ್ಮನ್ ಗಣಿಯ ಕೊನೆಯ ತಲೆಮಾರಿನವನು, ಮಾತು ಕಡಿಮೆ, ಅನುಮಾನ ಜಾಸ್ತಿ. ಅವನಪ್ಪನಿಂದ ಅವನಿಗೆ ಬಂದ ಆಸ್ತಿ ಎರಡು: ಊರಾಚೆಯ ಬಾಡಿಗೆ ತೋಟದ ಒಂದು ತುಂಡು, ಲೀಕಿಗೆ ಹಾಕುವ ಒಂದು ಮದ್ದು. ಆ ಮದ್ದನ್ನು ಅವನು ತೋಟದ ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು, ಏನು ಸುರಿಯುತ್ತಿದ್ದೇನೆಂದು ಯಾರಿಗೂ ಕೇಳಿಸದ ಹಾಗೆ ಜೋರಾಗಿ ಕೆಮ್ಮುತ್ತಾ ಕಲಸುತ್ತಿದ್ದ. ಹೊರಗೆ ಬರುತ್ತಿದ್ದುದು ವಾಸನೆ ಮಾತ್ರ. ಸತ್ತ ಕುರಿಗೆ ಬಿಯರ್ ಕುಡಿಸಿದ ಹಾಗಿರುತ್ತಿತ್ತು ಅದು. ಡೆನೀಸಳ ತಾಯಿ ಬದುಕಿದ್ದಾಗ ಅವನ ತೋಟದ ಅಂಗಿಗಳನ್ನು ಬೇರೆಯಾಗಿಯೇ ಒಗೆಯುತ್ತಿದ್ದಳು.

ಡೆನೀಸಳಿಗೆ ಈಗ ಮೂವತ್ತೊಂಬತ್ತು. ಶಾಲೆ ಮುಗಿಸಿದವಳೇ ಸೂಪು ಪುಡಿಯ ಕಾರ್ಖಾನೆ ಸೇರಿ, ಅದರ ಪರೀಕ್ಷಾ ಕೋಣೆಯಲ್ಲಿ ಪುಟ್ಟ ಚಮಚದಲ್ಲಿ ಲೀಕ್ ಸೂಪು ನೆಕ್ಕಿ ‘ಪರವಾಗಿಲ್ಲ’ ಎಂದು ಗುರುತು ಹಾಕುತ್ತಲೇ ಅರ್ಧ ಆಯುಷ್ಯ ಕಳೆದಿದ್ದಳು. ಚೆನ್ನಾಗಿತ್ತು ಎಂದಲ್ಲ, ಅದರಲ್ಲಿ ಲೀಕ್ ಎಲ್ಲಿದೆ ಎಂದು ಹುಡುಕುವುದೇ ಒಂದು ಸಂಶೋಧನೆಯಾಗಿತ್ತು. ಆ ಬೇಜಾರಿಗೇ ಅವಳು ಸಂಜೆ ಹೊತ್ತು ಅಂಚೆಯ ಮೂಲಕ ಸಸ್ಯವಿಜ್ಞಾನದ ಪದವಿ ಓದಲು ಶುರುಮಾಡಿದ್ದು. ಪದವಿಯ ಜೊತೆಗೆ ಒಂದು ಕೆಟ್ಟ ಚಾಳಿಯೂ ಅಂಟಿಕೊಂಡಿತು: ಏನು ಕೇಳಿದರೂ ‘ಹೌದಾ? ನೋಡಿದ್ದೀರಾ?’ ಎನ್ನುವುದು.

“ಅಪ್ಪಾ, ಅರ್ಧ ಗಿಡಕ್ಕೆ ಮದ್ದು ಹಾಕಿ, ಅರ್ಧಕ್ಕೆ ಹಾಕದೆ ಯಾವತ್ತಾದ್ರೂ ನೋಡಿದ್ಯಾ?” ಎಂದು ಒಂದು ದಿನ ಕೇಳಿದಳು.

“ಅರ್ಧ ಮಕ್ಳಿಗೆ ಊಟ ಹಾಕ್ದೆ ಯಾರಾದ್ರೂ ನೋಡ್ತಾರೇನೆ?” ಎಂದ ನಾರ್ಮನ್. “ಓದಿ ಓದಿ ಕೆಟ್ಟೋದೆ ನೀನು.”

ಅದೇ ವರ್ಷ ನಾರ್ಮನ್‌ನ ಮಂಡಿ ಕೈಕೊಟ್ಟಿತು. ಮದ್ದು ಕಲಸುವುದು ಅವನು, ಬಕೆಟ್ ಹೊತ್ತು ಸುರಿಯುವುದು ಮಗಳು ಎಂದಾಯಿತು. ತೋಟದಲ್ಲಿ ಲೀಕ್ ಎರಡು ಸಾಲು. ಬಲಗಡೆ ಸಾಲಿಗೆ ಡೆನೀಸ್ ಅಪ್ಪ ಕೊಟ್ಟ ಮದ್ದನ್ನೇ ಸುರಿದಳು. ಎಡಗಡೆಯ ಪಾಲನ್ನು ಬೇಲಿಯಾಚೆಯ ತುರಿಕೆ ಸೊಪ್ಪಿನ ಬುಡಕ್ಕೆ ಚೆಲ್ಲಿ, ನಲ್ಲಿ ನೀರು ತುಂಬಿ ತಂದು ಹಾಕಿದಳು. ಒಂದು ವರ್ಷವಲ್ಲ, ಮೂರು ವರ್ಷ. ಅಪ್ಪ ಶೆಡ್ಡಿನ ಬಾಗಿಲಲ್ಲಿ ಕೂತು “ಬುಡಕ್ಕೆ ಹಾಕೇ, ಬುಡಕ್ಕೆ!” ಎಂದು ಕೂಗುತ್ತಿದ್ದ. ಅವಳು ಬುಡಕ್ಕೇ ಹಾಕುತ್ತಿದ್ದಳು, ನೀರನ್ನು.

ಸೆಪ್ಟೆಂಬರ್ ಬಂದಾಗ ಪಟ್ಟಿ ಹಿಡಿದು ಅಳೆಯುತ್ತಿದ್ದವನು ನಾರ್ಮನ್ನೇ. ಅಳತೆಯ ವಿಷಯದಲ್ಲಿ ಅವನು ಹೆತ್ತ ಮಗಳನ್ನೂ ನಂಬುವವನಲ್ಲ. ಮೂರು ವರ್ಷವೂ ಎಡ ಬಲ ಎರಡೂ ಒಂದೇ ಗಾತ್ರ ಬಂದವು. ಹೋದ ವರ್ಷ ಕ್ಲಬ್ಬಿನಲ್ಲಿ ಮೊದಲ ಬಹುಮಾನವಾಗಿ ದೊಡ್ಡ ಟಿವಿ ಗೆದ್ದು ತಂದ ಲೀಕ್ ಜೋಡಿ ಎಡಗಡೆಯದು. ಅಂದು ನಾರ್ಮನ್ ಟಿವಿಯ ಮುಂದೆ ಕೂತು, ಅದನ್ನು ಹಾಕುವುದನ್ನೂ ಮರೆತು, “ನಮ್ಮಪ್ಪನ ಮದ್ದು ಕಣೇ” ಎಂದು ಕಣ್ಣೊರೆಸಿಕೊಂಡಿದ್ದ. ಹೇಳಬೇಕೆಂದಿದ್ದವಳು ಬಾಯಿ ಮುಚ್ಚಿಕೊಂಡಳು. ಪಾಪ, ಯಾರಿಗೆ ತಾನೇ ಮನಸ್ಸು ಬಂದೀತು?

ಹೀಗಿರುವಾಗ ಬಸ್ಸಿನಲ್ಲಿ ಒಂದು ಗಂಟೆ ದೂರದ ವಿಶ್ವವಿದ್ಯಾಲಯ ಒಂದು ಜಾಹೀರಾತು ಹಾಕಿತು. ಆಹಾರ ಮತ್ತು ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಲು ಒಂದೇ ಒಂದು ಜಾಗ. ಶುಲ್ಕ ಅವರದೇ, ನಾಲ್ಕು ವರ್ಷ ಹೊಟ್ಟೆಪಾಡಿಗೆ ವೇತನವೂ ಅವರದೇ. ವಿಷಯ: ಮಣ್ಣಿಗೆ ಹಾಕುವ ಗೊಬ್ಬರದಿಂದ ಈರುಳ್ಳಿ ಕುಲದ ಗಿಡಗಳ ಗಾತ್ರ, ರುಚಿ, ಸತ್ವ ಹೇಗೆ ಬದಲಾಗುತ್ತವೆ. ಊಟದ ಬಿಡುವಿನಲ್ಲಿ ಅದನ್ನು ಓದಿದ ಡೆನೀಸ್ ಕೈಲಿದ್ದ ಸೂಪಿನ ಚಮಚವನ್ನು ಕೆಳಗಿಟ್ಟವಳು ಅಂದು ಮತ್ತೆ ಮುಟ್ಟಲಿಲ್ಲ. ಈ ಜಾಗ ಸಿಕ್ಕರೆ ಕಾರ್ಖಾನೆ ಬಿಡಬಹುದು. ಸಿಗದಿದ್ದರೆ ನಿವೃತ್ತಿಯವರೆಗೂ ‘ಪರವಾಗಿಲ್ಲ.’ ಅರ್ಜಿಯಲ್ಲಿ ಅವಳು ‘ನಮ್ಮ ತೋಟದಲ್ಲಿ ಎರಡು ಸಾಲಿಗೆ ಎರಡು ಬಗೆಯ ಆರೈಕೆ ಮಾಡಿ ಮೂರು ವರ್ಷ ಹೋಲಿಸಿದ್ದೇನೆ’ ಎಂದು ಒಂದು ವಾಕ್ಯ ಬರೆದಳು. ಆ ಒಂದು ವಾಕ್ಯಕ್ಕೇ ಅವಳನ್ನು ಸಂದರ್ಶನಕ್ಕೆ ಕರೆದರು.

ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ ಸಂದರ್ಶನ. ಮೇಜಿನಾಚೆ ಮೂವರು. ನಡುವೆ ಕೂತಿದ್ದವಳು ಡಾಕ್ಟರ್ ಇಮೋಜೆನ್ ಪ್ಯಾಸ್ಕೋ. ಜಾಗ ಸಿಕ್ಕರೆ ಮಾರ್ಗದರ್ಶನ ಮಾಡಬೇಕಾದವಳು ಅವಳೇ. ಅವಳು ನಗುನಗುತ್ತಾ ಶುರುಮಾಡಿದಳು: “ನಿಮ್ಮ ಎರಡು ಸಾಲಿನ ವಿಷ್ಯ ನಮಗೆ ತುಂಬಾ ಕುತೂಹಲ. ಯಾವುದಕ್ಕೆ ಏನು ಹಾಕಿದ್ರಿ?”

ಡೆನೀಸ್ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಪ್ರೊಫೆಸರ್ ವೆದರ್ಬಿ ಕನ್ನಡಕ ಸರಿಮಾಡಿಕೊಂಡು, “ಕೆಸ್ಟರ್‌ಲಾ ಅಂದ್ರಲ್ಲ? ಅಲ್ಲಿ ಸ್ಟ್ಯಾನ್ ಲಿಡಲ್ ಗೊತ್ತಾ? ನನ್ನ ಹೆಂಡ್ತಿ ತಮ್ಮ. ಅವನಿಗೂ ಲೀಕ್ ಹುಚ್ಚು” ಎಂದ.

ಗೊತ್ತಿಲ್ಲದೆ ಏನು! ತೋಟದಲ್ಲಿ ಅವಳಪ್ಪನ ಪಕ್ಕದ ತುಂಡೇ ಸ್ಟ್ಯಾನ್ ಲಿಡಲ್‌ನದು. ಇಬ್ಬರಿಗೂ ಹಾವು ಮುಂಗುಸಿ ಸಂಬಂಧ. ಇಲ್ಲಿ ಒಂದು ಮಾತು ಆಡಿದರೆ, ತಾನು ಹತ್ತಿದ ಬಸ್ಸು ಊರು ಮುಟ್ಟುವ ಮೊದಲೇ ನಾರ್ಮನ್ ಹೆಪ್ಪಲ್‌ನ ಮದ್ದು ನೀರಿಗೆ ಸಮ ಎಂದು ಕ್ಲಬ್ಬೆಲ್ಲ ಕೇಕೆ ಹಾಕುತ್ತಿರುತ್ತದೆ. ಡೆನೀಸ್ ತೆರೆದ ಬಾಯಿಯನ್ನು ಮುಚ್ಚಿದಳು.

“ನೀರು,” ಎಂದಳು.

“ಸರಿ. ಇನ್ನೊಂದು ಸಾಲಿಗೆ?”

“ನೀರು... ಥರದ್ದು.”

“ಥರದ್ದು ಅಂದ್ರೆ?”

“ಹೇಳೋ ಹಾಗಿಲ್ಲ, ಡಾಕ್ಟರೇ.”

ಮೂವರೂ ಮುಖಮುಖ ನೋಡಿಕೊಂಡರು. ಏನು ಹಾಕಿದೆ ಎಂದು ಹೇಳಲೊಲ್ಲದ ಅಭ್ಯರ್ಥಿಯನ್ನು ವಿಶ್ವವಿದ್ಯಾಲಯ ಅದುವರೆಗೆ ಕಂಡಿರಲಿಲ್ಲವೇನೋ. ಫಲಿತಾಂಶ ಏನಾಯಿತು ಎಂದು ಕೇಳಿದರು. “ಬೆಳೆದ್ವು” ಎಂದಳು. ಮಿಕ್ಕ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಟ್ಟಳು, ಆದರೆ ಮುಖ್ಯವಾದದ್ದೇ ಉಳಿದುಹೋಯಿತು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಅವಳ ಜಾಗದಲ್ಲಿ ಯಾರಿದ್ದರೂ ಅಳುತ್ತಿದ್ದರು. ಅವಳೂ ಸ್ವಲ್ಪ ಅತ್ತಳು.

ಮನೆ ಬಾಗಿಲಲ್ಲೇ ನಾರ್ಮನ್ ಕಾಯುತ್ತಿದ್ದ.

“ಕೇಳಿದ್ರಾ?”

“ಕೇಳಿದ್ರು.”

“ಹೇಳಿದ್ಯಾ?”

“ಇಲ್ಲಪ್ಪಾ.”

ನಾರ್ಮನ್ ಅವಳನ್ನು ತಬ್ಬಿಕೊಂಡ. ಹೆಂಡತಿ ಸತ್ತ ಮೇಲೆ ಅವನು ಯಾರನ್ನಾದರೂ ತಬ್ಬಿಕೊಂಡದ್ದು ಅದೇ ಮೊದಲು. ಆಮೇಲೆ ಕ್ಲಬ್ಬಿಗೆ ಎಳೆದುಕೊಂಡು ಹೋಗಿ, “ಮೂರು ಜನ ಪ್ರೊಫೆಸರ್‌ಗಳು ಸುತ್ಕೊಂಡು ಕೇಳಿದ್ರಂತೆ ಕಣ್ರೋ. ನನ್ನ ಮಗಳು ಬಾಯಿ ಬಿಟ್ಟಿಲ್ಲ!” ಎಂದು ಸಾರಿದ. ಗಣಿ ಮುಷ್ಕರದಲ್ಲಿ ಪೋಲೀಸರೆದುರು ಬಾಯಿಬಿಡದವರಿಗೆ ಸಿಗುತ್ತಿದ್ದ ಮರ್ಯಾದೆ ಅವಳಿಗೆ ಸಿಕ್ಕಿತು. ಸ್ಟ್ಯಾನ್ ಲಿಡಲ್ ಸಹ ಎದ್ದುಬಂದು ಕೈಕುಲುಕಿ, “ಒಳ್ಳೆ ಮನೆತನದ ಹುಡುಗಿ ಕಣಮ್ಮಾ ನೀನು. ನಮ್ಮ ಭಾವ ಫೋನ್ ಮಾಡಿ ತಲೆ ಚಚ್ಕೊಳ್ತಿದ್ದ” ಎಂದ. ಎಲ್ಲರೂ ಸೇರಿ ಕುಡಿಸಿದ ಬಿಯರನ್ನು ಡೆನೀಸ್ ಕಷಾಯ ಕುಡಿದ ಹಾಗೆ ಕುಡಿದಳು.

ಶುಕ್ರವಾರ ಬೆಳಿಗ್ಗೆ ಅಪ್ಪ ಮಗಳು ತೋಟದಲ್ಲಿದ್ದರು. ಪ್ರದರ್ಶನಕ್ಕೆ ಒಯ್ಯುವ ಲೀಕನ್ನು ಕಿತ್ತು, ಬೇರಿನ ಮಣ್ಣು ಬಿಡಿಸಿ, ಮೆತ್ತನೆ ಬಟ್ಟೆಯಲ್ಲಿ ಹಾಲು ಅದ್ದಿ ಒರೆಸಬೇಕು. ಹಾಗೆ ಮಾಡಿದರೇ ಆ ಬಿಳುಪು ಬರುವುದು. ಡೆನೀಸ್ ಒಂದು ಲೀಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಸುಗೂಸಿಗೆ ಎಣ್ಣೆ ಹಚ್ಚುವ ಹಾಗೆ ಒರೆಸುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಅವಳ ಎರಡೂ ಕೈ ಹಾಲಾಗಿತ್ತು. ನಾರ್ಮನ್ ಬಗ್ಗಿ ಗುಂಡಿ ಒತ್ತಿದ. ಡಾಕ್ಟರ್ ಪ್ಯಾಸ್ಕೋಳ ದನಿ ತೋಟಕ್ಕೆಲ್ಲ ಕೇಳುವ ಹಾಗೆ ಹೊರಬಂತು.

“ಡೆನೀಸ್, ಮಧ್ಯಾಹ್ನ ಸಮಿತಿ ಕೂತ್ಕೊಳ್ಳುತ್ತೆ. ಜಾಗ ನಿಮಗೇ ಕೊಡ್ಬೇಕು ಅಂತ ನನಗಾಸೆ. ಆದ್ರೆ ಏನು ಮಾಡಿದೆ ಅಂತ ಹೇಳದವ್ರಿಗೆ ಹೇಗೆ ಕೊಡೋದು ಅಂತ ಅವ್ರು ಕೇಳ್ತಾರೆ. ಕೊನೇ ಸಲ ಕೇಳ್ತಿದ್ದೀನಿ. ಎಡಗಡೆ ಸಾಲಿಗೆ ಏನು ಹಾಕಿದ್ರಿ?”

ನಾರ್ಮನ್ ತುಟಿಯ ಮೇಲೆ ಬೆರಳಿಟ್ಟು, “ನೀರು ಅನ್ನು, ನೀರು ಅನ್ನು” ಎಂದು ಪಿಸುಗುಟ್ಟಿದ.

ಡೆನೀಸ್ ಅಪ್ಪನ ಮುಖ ನೋಡಿದಳು. ಇನ್ನು ಹಿಂದೆ ಸರಿಯಲು ಜಾಗವಿರಲಿಲ್ಲ. “ನೀರು,” ಎಂದಳು. “ಬರೀ ನಲ್ಲಿ ನೀರು. ಮೂರು ವರ್ಷ.”

ನಾರ್ಮನ್ ಹೆಬ್ಬೆರಳೆತ್ತಿ ಶಹಬ್ಬಾಸ್ ಎಂದ. ಸುಳ್ಳು ಹೇಳಿದರೆ ಹೀಗೆ ಹೇಳಬೇಕು ಎಂಬ ಹೆಮ್ಮೆ ಅವನ ಮುಖದಲ್ಲಿ ಕುಣಿಯುತ್ತಿತ್ತು.

“ಬಲಗಡೆಗೆ?”

“ನಮ್ಮಪ್ಪನ ಮದ್ದು. ಅವರಪ್ಪನ ಕಾಲದ್ದು.”

ಹೆಬ್ಬೆರಳು ಅಲ್ಲೇ ನಿಂತಿತು.

“ವ್ಯತ್ಯಾಸ?”

“ಗಾತ್ರದಲ್ಲಿ ಏನೂ ಇಲ್ಲ, ಡಾಕ್ಟರೇ. ಬೇಯಿಸಿ ತಿಂದ್ರೆ ಎಡಗಡೇದೇ ಸ್ವಲ್ಪ ಸಿಹಿ.”

“ಅಳೆದೋರು ಯಾರು? ಯಾವ ಗಿಡಕ್ಕೆ ಏನು ಹಾಕಿದೆ ಅಂತ ಅವರಿಗೆ ಗೊತ್ತಿತ್ತಾ?”

“ಅಪ್ಪ ಅಳೆದಿದ್ದು. ಅವ್ರಿಗೆ ಗೊತ್ತಿರ್ಲಿಲ್ಲ.” ಡೆನೀಸ್ ಹಾಲಿನ ಬಟ್ಟೆಯನ್ನು ಕೆಳಗಿಟ್ಟಳು. “ಈಗ ಗೊತ್ತಾಗ್ತಾ ಇದೆ.”

ಪ್ಯಾಸ್ಕೋ ಮೆತ್ತಗೆ, “ಅಯ್ಯೋ. ಅಲ್ಲೇ ಇದ್ದಾರಾ?” ಎಂದಳು.

“ಇದ್ದಾರೆ.”

ನಾರ್ಮನ್ ಬೋರಲಾಗಿದ್ದ ಬಕೆಟ್ಟಿನ ಮೇಲೆ ಕುಕ್ಕರಿಸಿದ. ಮಗಳ ತೊಡೆಯ ಮೇಲಿದ್ದ ಲೀಕನ್ನು ನೋಡಿದ. “ಇದು ಯಾವ ಕಡೇದು?”

“ಎಡ.”

“ಆ ಟಿವಿ?”

“ಅದೂ ಎಡಾನೇ ಅಪ್ಪಾ. ಹೇಳ್ಬೇಕು ಅಂತಾನೇ ಇದ್ದೆ. ನೀನು ಅಳ್ತಾ ಇದ್ದೆ.”

ಪಕ್ಕದ ತುಂಡಿನಲ್ಲಿ ಸ್ಟ್ಯಾನ್ ಲಿಡಲ್ ಏನನ್ನೋ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ನಾರ್ಮನ್ ಕೈಚಾಚಿ ಫೋನ್ ತೆಗೆದುಕೊಂಡು, ಗಣಿಯ ಯಂತ್ರದ ಸದ್ದಿನಲ್ಲಿ ಮಾತಾಡಿ ರೂಢಿಯಾದ ದನಿಯಲ್ಲಿ ಕೂಗಿದ:

“ಡಾಕ್ಟರಮ್ಮಾ, ನಾನು ಇವಳಪ್ಪ. ಅಳೆದಿದ್ದು ನಾನೇ. ಬಲಗಡೇದು ಗೆಲ್ಬೇಕು ಅಂತ ನನಗೆ ಯಾರಾದ್ರೂ ಮೊದ್ಲೇ ಹೇಳಿದ್ರೆ ಪಟ್ಟೀನ ಎಳೆದಾದ್ರೂ ಗೆಲ್ಲಿಸ್ತಿದ್ದೆ. ಹೇಳಿರ್ಲಿಲ್ಲ. ಅದಕ್ಕೇ ಒಂದು ನೂಲಿನಷ್ಟೂ ತಪ್ಪಿಲ್ಲ. ಬರ್ಕೊಳ್ಳಿ.”

ಸುತ್ತಿಗೆಯ ಸದ್ದು ನಿಂತಿತು. ನಾರ್ಮನ್ ಅದನ್ನು ಗಮನಿಸಿದ. ಆದರೂ ದನಿ ತಗ್ಗಿಸಲಿಲ್ಲ.

“ಮೂರು ವರ್ಷ ನನ್ನ ಕಣ್ಣೆದುರಿಗೇ ಬಕೆಟ್ ಬದಲಾಯಿಸಿದ್ದಾಳೆ. ಈ ಊರಲ್ಲಿ ಯಾವ ಗಂಡಸಿಗೂ ಆಗಿಲ್ಲ ಅದು. ಇವಳಿಗೆ ಕೊಡದೆ ಇನ್ಯಾರಿಗೆ ಕೊಡ್ತೀರಿ ಜಾಗ?”

“ನಿಮ್ಮ ಮಾತು ಸಮಿತಿಗೆ ಹೇಳ್ತೀನಿ, ಹೆಪ್ಪಲ್ ಅವರೇ,” ಎಂದಳು ಪ್ಯಾಸ್ಕೋ. ಅವಳು ನಗು ತಡೆದುಕೊಳ್ಳುತ್ತಿದ್ದುದು ಗೊತ್ತಾಗುತ್ತಿತ್ತು. “ಇನ್ನೊಂದೇ ಮಾತು. ಆ ಮದ್ದಿನಲ್ಲಿ ಏನಿದೆ ಅಂತ...”

“ಅದು ಮಾತ್ರ ಕೇಳ್ಬೇಡಿ,” ಎಂದು ನಾರ್ಮನ್ ಫೋನ್ ಇಟ್ಟುಬಿಟ್ಟ.

ಜಾಗ ಡೆನೀಸಳಿಗೇ ಸಿಕ್ಕಿತು. ಕ್ಲಬ್ಬಿನಲ್ಲಿ ಆ ವಾರಪೂರ್ತಿ ನಾರ್ಮನ್ ಎಲ್ಲರ ಬಾಯಿಗೆ ಬಿದ್ದ. ಅವನ ಬಿಯರ್ ಲೋಟದಲ್ಲಿ ಯಾರೋ ನಲ್ಲಿ ನೀರು ತುಂಬಿಟ್ಟಿದ್ದರು. ಅವನು ಅದನ್ನು ಗಟಗಟನೆ ಕುಡಿದು ಲೋಟ ಬೋರಲು ಹಾಕಿದ. ಮಗಳ ಜೊತೆ ಮಾತ್ರ ಲೀಕಿನ ಮಾತೆತ್ತಲಿಲ್ಲ. ಚಳಿಗಾಲವಿಡೀ ಎತ್ತಲಿಲ್ಲ. ಡೆನೀಸ್ ನಗರದಲ್ಲಿ ಕೋಣೆ ಹಿಡಿದಳು, ವಾರಕ್ಕೊಮ್ಮೆ ಫೋನ್ ಮಾಡಿದಳು. ಮಂಡಿ ಹೇಗಿದೆ ಎಂದರೆ ಇದೆ ಎನ್ನುತ್ತಿದ್ದ, ಅಷ್ಟೇ. ಅಪ್ಪನ ಮನಸ್ಸು ಮುರಿದೇ ಹೋಯಿತು ಎಂದುಕೊಂಡು ಅವಳು ಒಳಗೊಳಗೇ ಕೊರಗುತ್ತಿದ್ದಳು.

ಮೇ ತಿಂಗಳಲ್ಲಿ, ಸಸಿ ನೆಡುವ ಹೊತ್ತಿಗೆ, ಅವನೇ ಫೋನ್ ಮಾಡಿದ.

“ಎರಡು ಸಾಲು ನೆಟ್ಟಿದ್ದೀನಿ. ಮದ್ದೂ ಕಲಸಿಟ್ಟಿದ್ದೀನಿ. ಶನಿವಾರ ಬರ್ತೀಯಾ?”

“ಬರ್ತೀನಪ್ಪಾ. ಯಾವ ಸಾಲಿಗೆ ಹಾಕ್ಲಿ?”

“ನನಗ್ಯಾಕೇ ಹೇಳ್ತೀಯಾ?” ಎಂದು ನಾರ್ಮನ್ ರೇಗಿದ. “ಅಳೆಯೋನಿಗೆ ಗೊತ್ತಾಗ್ಬಾರ್ದು ತಾನೇ? ನೀನು ಹಾಕು. ನಾನು ಆ ಕಡೆ ತಿರುಗಿ ನಿಂತ್ಕೊಳ್ತೀನಿ.”