ರೇಡಿಯೋಗೆ ಫೋನು ಮಾಡುವ ಮಾವ

ವರ್ಲಿನ್ ಸ್ಟೌಫರ್ ಮೂವತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವನು. ಬ್ಯಾಸ್ಕೆಟ್‌ಬಾಲ್ ಆಡಿದ್ದು ಹೈಸ್ಕೂಲಿನ ಒಂದೇ ಒಂದು ಚಳಿಗಾಲ, ಅದೂ ಹೆಚ್ಚು ಹೊತ್ತು ಬೆಂಚಿನ ಮೇಲೆ. ಇಂಡಿಯಾನಾದ ಆ ಸಣ್ಣ ಊರಿನಲ್ಲಿ ಕಾಲೇಜು ತಂಡಕ್ಕೆ ಬುದ್ಧಿ ಹೇಳಲು ಇಷ್ಟು ಅರ್ಹತೆ ಧಾರಾಳವಾಗಿ ಸಾಕು. ತಂಡದ ಕೋಚ್ ಕರ್ಟ್ ಅವನ ಸ್ವಂತ ಅಳಿಯ ಎಂಬುದಷ್ಟೇ ಸ್ವಲ್ಪ ಇರುಸುಮುರುಸು.

ಪ್ರತಿ ಸೋಮವಾರ ಸಂಜೆ ಊರಿನ ರೇಡಿಯೋದಲ್ಲಿ ಕೋಚ್ ಕೂತು ಜನರ ಫೋನಿಗೆ ಉತ್ತರ ಕೊಡಬೇಕು. ವರ್ಲಿನ್ ದನಿ ದಪ್ಪ ಮಾಡಿಕೊಂಡು, "ನಾನು ಬಾಬ್, ಹಳ್ಳಿ ಕಡೆಯವ್ನು" ಎಂದು ಶುರುಮಾಡುತ್ತಿದ್ದ. ಬಾಬ್ ಯಾರೆಂದು ಊರಿಗೆಲ್ಲ ಗೊತ್ತಿತ್ತು; ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವನು ಬಾಬ್ ಒಬ್ಬನೇ. ತಕರಾರೂ ಒಂದೇ. ಹುಡುಗರು ಮೂರು ಪಾಯಿಂಟಿನ ಆಸೆಗೆ ದೂರದಿಂದ ಚೆಂಡು ಎಸೆಯುತ್ತಾರೆ, ಬುಟ್ಟಿಯ ಬುಡದಲ್ಲಿ ಕಂಬದ ಹಾಗೆ ನಿಂತ ಎತ್ತರದ ಹುಡುಗನಿಗೆ ಕೊಡುವುದೇ ಇಲ್ಲ.

ಈ ಸಲ ತಂಡ ಸಾಲಾಗಿ ಆರು ಪಂದ್ಯ ಸೋತಿತು. ಬೆಳಗಿನ ಕಾಫಿಯ ಮೇಜಿಗೆ ಹಂದಿ ಸಾಕುವ ಗೆಳೆಯ ಡ್ವೇನ್ ಸುದ್ದಿ ತಂದ.

"ಕಾಲೇಜಿನೋರು ಇನ್ನೆರಡು ಪಂದ್ಯ ನೋಡ್ತಾರಂತೆ ಕಣೋ. ಎರಡೂ ಸೋತ್ರೆ ನಿನ್ನ ಅಳಿಯ ಗಂಟುಮೂಟೆ ಕಟ್ಬೇಕಂತೆ. ಬಾಬ್‌ಗೆ ಖುಷಿಯೋ ಖುಷಿ!"

ವರ್ಲಿನ್ ಕಚ್ಚಿದ ಬಿಸ್ಕತ್ತನ್ನು ತಟ್ಟೆಗೆ ಹಾಕಿದ. ಮಗಳು ನೋಲಾ ಅದೇ ತಿಂಗಳು ಊರಿನಲ್ಲಿ ಸಲೂನು ತೆರೆದಿದ್ದಳು. ಕರ್ಟ್‌ನ ಕೆಲಸ ಹೋದರೆ ಗಂಡ ಹೆಂಡತಿ ಊರು ಬಿಡಬೇಕು, ಸಲೂನಿಗೂ ಬೀಗವೇ.

ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಕೂತಾಗ ಅವನು ಎತ್ತರದ ಹುಡುಗನಿಗೇ ಚೆಂಡು ಕೊಡುವ ತನ್ನ ಆಟವನ್ನು ಕೈ ಒರೆಸುವ ಕಾಗದದ ಮೇಲೆ ಬರೆದು ಅಳಿಯನ ಮುಂದೆ ತಳ್ಳಿದ. ಕರ್ಟ್‌ಗೆ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು.

"ಆಯ್ತು ಮಾವ. ಶನಿವಾರ ನಿಮ್ ಥರಾನೇ ಆಡಿಸ್ತೀನಿ."

ಶನಿವಾರ ಎದುರಾಳಿಗಳು ಎತ್ತರದ ಹುಡುಗನ ಸುತ್ತ ಮೂರು ಜನರನ್ನು ನಿಲ್ಲಿಸಿದರು, ಅಷ್ಟೇ. ಅವನತ್ತ ಹೋದ ಚೆಂಡು ಬುಟ್ಟಿ ಮುಟ್ಟಲಿಲ್ಲ. ಇಪ್ಪತ್ತೆರಡು ಪಾಯಿಂಟಿನ ಸೋಲು.

ಸೋಮವಾರ ರೇಡಿಯೋದಲ್ಲಿ ಮೊದಲ ಫೋನೇ ಖಾರವಾಗಿತ್ತು. "ಯಾವ ತಲೆಕೆಟ್ಟವನ ಐಡಿಯಾರೀ ಅದು?"

"ನಂದೇ. ತಪ್ಪು ನಂದೇ," ಎಂದ ಕರ್ಟ್.

ಅಡುಗೆಮನೆಯಲ್ಲಿ ಕೇಳುತ್ತಿದ್ದ ವರ್ಲಿನ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಫೋನು ಎತ್ತಿಕೊಂಡ. ಈ ಸಲ ದನಿ ದಪ್ಪ ಮಾಡಲಿಲ್ಲ.

"ನಾನು ವರ್ಲಿನ್ ಸ್ಟೌಫರ್. ನನ್ ಅಳಿಯ ಸುಳ್ಳು ಹೇಳ್ತಿದಾನೆ. ಐಡಿಯಾ ನಂದು. ಬೈಯೋದಿದ್ರೆ ನನ್ನ ಬೈರಿ, ಅವನ ಕೆಲಸಕ್ಕೆ ಕೈ ಹಾಕ್ಬೇಡಿ."

ಕರ್ಟ್ ರೇಡಿಯೋದಲ್ಲೇ ಕೇಳಿದ, "ಮಾವ, ಬುಧವಾರ ಹುಡುಗ್ರು ದೂರದಿಂದ್ಲೇ ಹೊಡೀತಾರೆ. ಏನಂತೀರಾ?"

ಮೂರು ಆಕ್ಷೇಪಣೆಗಳು ವರ್ಲಿನ್‌ನ ನಾಲಿಗೆಯ ತುದಿಗೆ ಬಂದಿದ್ದವು. ಮೂರನ್ನೂ ನುಂಗಿದ. "ನಿನ್ ತಂಡ ಕಣಪ್ಪ. ನಿನಗ್ ಗೊತ್ತು."

ಹೆಂಡತಿ ಆರ್ಡಿತ್ ಬಂದು ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ.

ಬುಧವಾರದ ಪಂದ್ಯದುದ್ದಕ್ಕೂ ಅವನು ಬಾಯಿಗೆ ಟೋಪಿ ಒತ್ತಿಕೊಂಡು ಕೂತ. ತಂಡ ನಾಲ್ಕು ಪಾಯಿಂಟಿನಿಂದ ಗೆದ್ದಿತು. ಕರ್ಟ್‌ನ ಕೆಲಸ ಉಳಿಯಿತು.

"ನೀನು ಬಾಯಿ ಮುಚ್ಕೊಂಡಿದ್ದಕ್ಕೇ ಗೆದ್ರು ಕಣೋ," ಎಂದು ಡ್ವೇನ್ ಮರುದಿನ ಕಾಫಿಯ ಮೇಜಿನಲ್ಲಿ ಕೆಣಕಿದ.

"ಗೊತ್ತು," ಎಂದ ವರ್ಲಿನ್.